ಪಟ್ಟಮಹಿಷಿ ಶಾಂತಲಾದೇವಿ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ ಡಾಬಸ್‌ಪೇಟೆಯ ಬಳಿ ಎಡಕ್ಕೆ ತಿರುಗಿದರೆ ಶಿವಗಂಗೆಯ ಬೆಟ್ಟ ಸಿಗುತ್ತದೆ. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಕ್ಕಿತೋ ಇಲ್ಲವೋ ಎಂದು ಪುಣ್ಯವನ್ನು ಪರೀಕ್ಷಿಸಿಕೊಂಡು, ಕಂಬಿ ಹಿಡಿದು ಏದುಸಿರು ಬಿಡುತ್ತ ತುದಿಗೆ ಏರಿದವರಿಗೆ ಅಲ್ಲೊಂದು ಬಂಡೆಯ ಅಂಚನ್ನು ತೋರಿಸುವುದು ವಾಡಿಕೆ. ಅದರಾಚೆ ಬರಿಯ ಆಕಾಶ. ಕೆಳಗೆ ಬಗ್ಗಿ ನೋಡಿದರೆ ಎದೆ ಝಲ್ಲೆನ್ನುವ ಆಳ. ಆ ಅಂಚಿಗೆ ‘ಶಾಂತಲಾ ಡ್ರಾಪ್’ ಎಂಬ ಹೆಸರು ನಿಂತುಬಿಟ್ಟಿದೆ. ಹೊಯ್ಸಳ ಚಕ್ರವರ್ತಿ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಕೆಳಗೆ ಧುಮುಕಿ ಪ್ರಾಣ ಬಿಟ್ಟಳಂತೆ. ತನಗೆ ಗಂಡುಸಂತಾನವಿಲ್ಲ, ಸವತಿಯ ಮಗನಾದರೂ ಸಿಂಹಾಸನವೇರಲಿ, ತಾನು ಅಡ್ಡಿಯಾಗಬಾರದು ಎಂದು ಹಾಗೆ ಮಾಡಿದಳಂತೆ.

ಮಕ್ಕಳನ್ನು ಕರೆದುಕೊಂಡು ಈ ಬೆಟ್ಟ ಹತ್ತಿದ ಉಪಾಧ್ಯಾಯರಿಗೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ: “ಮೇಷ್ಟ್ರೇ, ರಾಣಿ ಹಾರಿದ್ದು ಇಲ್ಲಿಂದಲೇನಾ?” ನನ್ನನ್ನೂ ಕೇಳಿದ್ದಾರೆ. ಮೊದಲ ಸಲ, ಹೌದೆಂದೇ ಹೇಳಿಬಿಟ್ಟೆ ಎಂದು ಒಪ್ಪಿಕೊಳ್ಳಬೇಕು. ಕಾದಂಬರಿಗಳಲ್ಲಿ, ನಾಟಕಗಳಲ್ಲಿ, ಹರಟೆಯಲ್ಲಿ ಬೆಳೆದು ಬಂದ ಕತೆ ಅದು. ಕಣ್ಣಲ್ಲಿ ನೀರು ತರಿಸುವ ಕತೆ. ಆದರೆ ಶಾಂತಲೆಯ ವಿಷಯದಲ್ಲಿ ನಮಗೆ ಒಂದು ಭಾಗ್ಯವಿದೆ. ಅವಳ ಕಾಲದವರೇ, ಅವಳನ್ನು ಬಲ್ಲವರೇ ಬರೆಸಿದ ಶಾಸನಗಳು ಉಳಿದಿವೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅವನ್ನು ಪರಿಷ್ಕರಿಸಿ ಇನ್ನಷ್ಟು ಸೇರಿಸಿ ೧೯೨೩ರಲ್ಲಿ ಹೊರತಂದರು. ಅವುಗಳೆದುರಿಗೆ ಈ ಕತೆಯನ್ನಿಟ್ಟು ನೋಡುವುದು ನಾವು ಆ ಹೆಣ್ಣುಮಗಳಿಗೆ ಸಲ್ಲಿಸಬೇಕಾದ ನ್ಯಾಯ.

ಮೊದಲು ಅವಳ ತೌರನ್ನು ನೋಡೋಣ. ತಂದೆ ಪೆರ್ಗಡೆ ಮಾರಸಿಂಗಯ್ಯ, ಶಿವಭಕ್ತ. ತಾಯಿ ಮಾಚಿಕಬ್ಬೆ, ಜಿನಭಕ್ತೆ. ಮಾಚಿಕಬ್ಬೆಯ ತಂದೆ ಬಲದೇವ ದಂಡನಾಯಕ, ಅಜ್ಜ ನಾಗವರ್ಮ ದಂಡನಾಯಕ. ಅಂದರೆ ತಾಯಿಯ ಕಡೆಯದು ಕತ್ತಿ ಹಿಡಿದವರ ಮನೆತನ. ಗಂಡ ಒಂದು ದೇವರಿಗೆ ಕೈ ಮುಗಿದರೆ ಹೆಂಡತಿ ಇನ್ನೊಂದು ದೇವರಿಗೆ ಮುಗಿಯುತ್ತಿದ್ದ ಆ ಮನೆಯಲ್ಲಿ ಮಗಳು ತಾಯಿಯ ಧರ್ಮವನ್ನು ಹಿಡಿದಳು. ಇದನ್ನು ಶಾಸನ ಯಾವ ಅಚ್ಚರಿಯೂ ಇಲ್ಲದೆ, ಊರು ಹೆಸರು ಹೇಳಿದಷ್ಟೇ ಸಹಜವಾಗಿ ಹೇಳುತ್ತದೆ. ಇಂದಿನ ನಾವು ಅದನ್ನು ಓದಿ ಬೆರಗಾಗುವುದು ನಮ್ಮ ಕಾಲದ ದೋಷವಿರಬೇಕು.

ಇಂಥ ಮನೆಯಿಂದ ಬಂದವಳು ಸೇರಿದ್ದು ಹೊಯ್ಸಳರ ಅರಮನೆಯನ್ನು. ವಿಷ್ಣುವರ್ಧನನು ೧೧೧೬ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡು ತಲಕಾಡುಗೊಂಡನೆನಿಸಿದ. ಮರುವರ್ಷ, ೧೧೧೭ರಲ್ಲಿ, ಹೇವಿಳಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು, ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ. ಇದೇ ನಾವು ನೋಡುವ ಚೆನ್ನಕೇಶವ ದೇವಾಲಯ. ೨೦೨೩ರಲ್ಲಿ ಹಳೇಬೀಡು, ಸೋಮನಾಥಪುರಗಳ ದೇಗುಲಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ರಾಮಾನುಜಾಚಾರ್ಯರ ಪ್ರಭಾವದಿಂದ ರಾಜನು ವೈಷ್ಣವನಾದ ಸಂಗತಿಯನ್ನು ಸಂಪ್ರದಾಯ ವಿಸ್ತಾರವಾಗಿ ಹೇಳುತ್ತದೆ. ರಾಣಿ ಮಾತ್ರ ಕೊನೆಯವರೆಗೂ ಜೈನಳಾಗಿಯೇ ಉಳಿದಳು.

ಹಾಗೆಂದು ಅವಳು ಗಂಡನ ದೇವರಿಗೆ ಬೆನ್ನು ಹಾಕಿ ಕೂತವಳಲ್ಲ. ಬೇಲೂರಿನಲ್ಲಿ ದೊಡ್ಡ ಗುಡಿಯ ದಕ್ಷಿಣಕ್ಕೆ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಜಕಣಾಚಾರಿಯ ಕತೆಯಲ್ಲಿ ಬರುವ ಕಪ್ಪೆಯಿಂದಾಗಿ ಅದಕ್ಕೆ ಆ ಹೆಸರು. ನೋಡಲು ಹೋದವರೆಲ್ಲ ವಿಗ್ರಹದ ಹೊಟ್ಟೆಯ ಮೇಲೆ ಕಪ್ಪೆಯ ಜಾಗವನ್ನು ಹುಡುಕುತ್ತಾರೆ. ಹುಡುಕಬೇಕಾದದ್ದು ಪೀಠದಲ್ಲಿದೆ. ಈ ಚೆನ್ನಿಗರಾಯನನ್ನು ಮಾಡಿಸಿದವಳು ಶಾಂತಲಾದೇವಿ ಎಂದು ಅಲ್ಲಿ ಕೊರೆದಿದೆ. ಜಿನಭಕ್ತೆಯಾದ ರಾಣಿ ವಿಷ್ಣುವಿನ ವಿಗ್ರಹವನ್ನು ಮಾಡಿಸಿದ್ದಾಳೆ. ಹಳೇಬೀಡಿನ ಜೋಡಿ ಗುಡಿಗಳಲ್ಲಿ ಒಂದರ ಲಿಂಗ ರಾಜನ ಹೆಸರಿನಲ್ಲಿ ಹೊಯ್ಸಳೇಶ್ವರ. ಇನ್ನೊಂದು ಇವಳ ಹೆಸರಿನಲ್ಲಿ ಶಾಂತಲೇಶ್ವರ. ಹಾಸನದ ಹತ್ತಿರದ ಶಾಂತಿಗ್ರಾಮವೂ ಅವಳ ಹೆಸರನ್ನೇ ಹೊತ್ತ ಊರು. ಶಾಸನದಲ್ಲಿ ಅವಳಿಗೆ ‘ಚತುಸ್ಸಮಯ ಸಮುದ್ಧರಣೆ’ ಎಂಬ ಬಿರುದುಂಟು. ಸಮಯವೆಂದರೆ ಮತ, ನಾಲ್ಕು ಮತಗಳನ್ನು ಎತ್ತಿ ಹಿಡಿದವಳು ಎಂದರ್ಥ. ಹೊಗಳುಭಟರ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ, ಪೀಠದ ಬರಹ ಸಾಕ್ಷಿಯಾಗಿ ನಿಂತಿದೆ.

ಬಿರುದುಗಳ ಮಾತು ಬಂದದ್ದರಿಂದ ಸ್ವಲ್ಪ ಅಲ್ಲೇ ನಿಲ್ಲೋಣ. ಅಭಿನವ ರುಕ್ಮಿಣಿ, ಪತಿಹಿತ ಸತ್ಯಭಾಮೆ, ವಿವೇಕೈಕ ಬೃಹಸ್ಪತಿ, ಪ್ರತ್ಯುತ್ಪನ್ನ ವಾಚಸ್ಪತಿ ಎಂದು ಮುಂತಾಗಿ ಶಾಸನಕವಿ ಅವಳನ್ನು ಕರೆಯುತ್ತ ಹೋಗುತ್ತಾನೆ. ರುಕ್ಮಿಣಿ, ಸತ್ಯಭಾಮೆ ಯಾವ ರಾಣಿಗಾದರೂ ಸಲ್ಲುವ ಹೋಲಿಕೆಗಳು. ಆದರೆ ಒಬ್ಬ ಹೆಂಗಸನ್ನು ಬೃಹಸ್ಪತಿಗೆ ಹೋಲಿಸಿ, ಅಷ್ಟಕ್ಕೇ ಬಿಡದೆ ಥಟ್ಟನೆ ಉತ್ತರ ಹೊಳೆಯುವ ವಾಚಸ್ಪತಿ ಎಂದೂ ಹೇಳಬೇಕಾದರೆ, ಅರಮನೆಯ ಮಾತುಕತೆಗಳಲ್ಲಿ ಅವಳ ನಾಲಿಗೆಯ ಚುರುಕನ್ನು ಕಂಡವರೇ ಹೇಳಿರಬೇಕು. ಗೀತ ವಾದ್ಯಗಳಲ್ಲಿ ಅವಳು ಸೂತ್ರಧಾರೆ. ಇದರಿಂದಲೇ ಬೇಲೂರಿನ ದರ್ಪಣಸುಂದರಿ ಶಾಂತಲೆಯೇ ಎಂಬ ಮಾತು ಹುಟ್ಟಿಕೊಂಡಿರಬಹುದು. ಅಲ್ಲಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆಯೇ ಹೊರತು ರಾಣಿಯ ಹೆಸರಿಲ್ಲ. ಕನ್ನಡಿ ನೋಡಿಕೊಳ್ಳುವ ಚೆಲುವೆಯಾಗಿ ಅವಳನ್ನು ಕಾಣುವ ಆಸೆ ನಮ್ಮದು. ಅವಳನ್ನು ಬಲ್ಲವರು ಮೊದಲು ನೆನೆದದ್ದು ಅವಳ ವಿವೇಕವನ್ನು.

ಇನ್ನೊಂದು ಬಿರುದು ಉಂಟು. ತರಗತಿಯಲ್ಲಿ ಅದನ್ನು ಬಿಡಿಸಿ ಹೇಳಿದ ದಿನ ಹುಡುಗರು ಬಿದ್ದು ಬಿದ್ದು ನಗುತ್ತಾರೆ: ‘ಉದ್ವೃತ್ತ ಸವತಿ ಗಂಧವಾರಣೆ’. ವಾರಣವೆಂದರೆ ಆನೆ. ಯಾವ ಆನೆಯ ಮದದ ವಾಸನೆ ಬಡಿದ ಮಾತ್ರಕ್ಕೆ ಮಿಕ್ಕ ಆನೆಗಳು ನಿಲ್ಲಲಾರದೆ ಓಡುತ್ತವೆಯೋ ಅದು ಗಂಧವಾರಣ. ಸೊಕ್ಕಿದ ಸವತಿಯರ ಪಾಲಿಗೆ ಇವಳು ಅಂಥ ಮದ್ದಾನೆ! ‘ಉದ್ವೃತ್ತ’ ಎಂಬ ವಿಶೇಷಣವನ್ನು ಗಮನಿಸಬೇಕು. ಎಲ್ಲ ಸವತಿಯರಿಗೂ ಅಲ್ಲ, ಮೇರೆ ಮೀರಿದವರಿಗೆ ಮಾತ್ರ. ವಿಷ್ಣುವರ್ಧನನಿಗೆ ಲಕ್ಷ್ಮೀದೇವಿ, ಬಮ್ಮಲದೇವಿ ಮೊದಲಾದ ಬೇರೆ ರಾಣಿಯರೂ ಇದ್ದರು. ಅರಮನೆಯ ಒಳಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತೆಂಬುದನ್ನು ಈ ಒಂದು ಬಿರುದು ಸಾರಿ ಹೇಳುತ್ತದೆ. ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ತಾನು ಕಟ್ಟಿಸಿದ ಬಸದಿಗೆ ಅದನ್ನೇ ಹೆಸರಾಗಿ ಇಟ್ಟಳು: ಸವತಿಗಂಧವಾರಣ ಬಸದಿ. ಒಳಗೆ ಕೂತಿರುವ ಸ್ವಾಮಿಯೋ ಶಾಂತಿನಾಥ! ಶಾಂತಿಯ ಜಿನನ ಮನೆಗೆ ಸವತಿಯರನ್ನು ಓಡಿಸುವ ಆನೆಯ ಹೆಸರು. ಧರ್ಮವನ್ನು ಆಳವಾಗಿ ನಂಬಿದವರಲ್ಲೂ ಇಷ್ಟು ಮನುಷ್ಯತ್ವ ಉಳಿದಿರುತ್ತದೆಂದು ನನಗೆ ಇದನ್ನು ಓದಿದಾಗಲೆಲ್ಲ ಸಂತೋಷವಾಗುತ್ತದೆ.

ಈ ಬಸದಿ ಕಟ್ಟಿದ್ದು ಶೋಭಕೃತ್ ಸಂವತ್ಸರದಲ್ಲಿ, ಎಂದರೆ ೧೧೨೩ರಲ್ಲಿ. ಗರ್ಭಗೃಹ, ಸುಕನಾಸಿ, ನವರಂಗಗಳಿರುವ ದೊಡ್ಡ ಕಟ್ಟಡ. ಶಾಂತಿನಾಥನ ಪ್ರತಿಮೆ ಸುಮಾರು ೫ ಅಡಿ ಎತ್ತರ. ಪೂಜೆಗೂ ಋಷಿಗಳ ಆಹಾರಕ್ಕೂ ಎಂದು ಕಲ್ಕಣಿನಾಡಿನ ಮೊಟ್ಟೆನವಿಲೆ ಎಂಬ ಊರನ್ನು ರಾಜನ ಒಪ್ಪಿಗೆ ಪಡೆದು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರ ಕಾಲು ತೊಳೆದು ಧಾರೆಯೆರೆದು ಕೊಟ್ಟಳು. ಗಂಡ ವೈಷ್ಣವನಾಗಿ ಹೆಂಡತಿಯ ಬಸದಿಗೆ ಊರು ಬಿಟ್ಟುಕೊಡಲು ಒಪ್ಪಿದ್ದನ್ನೂ ಇಲ್ಲಿ ನೆನೆಯಬೇಕು.

ಇನ್ನು ಶಿವಗಂಗೆಗೆ ಬರೋಣ.

ಚಿಕ್ಕಬೆಟ್ಟದ ಮೇಲಿನ ಶಾಸನವೊಂದು ಶಾಂತಲೆಯ ಮರಣದ ಸಂಗತಿಯನ್ನು ದಾಖಲಿಸಿದೆ. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಎಂದರೆ ೧೧೩೧ರ ವಸಂತ. ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆಯಾದದ್ದೂ ಹದಿನಾಲ್ಕು ವರ್ಷಗಳ ಹಿಂದೆ ಇದೇ ತಿಥಿಯಂದು. ಕಾಕತಾಳೀಯವೇ ಇರಬೇಕು, ಆದರೂ ಎರಡು ಶಾಸನಗಳನ್ನು ಒಟ್ಟಿಗೆ ಓದುವವರ ಮನಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಆ ದಿನ ಶಿವಗಂಗೆಯ ತೀರ್ಥದಲ್ಲಿ ರಾಣಿ ‘ಮುಡಿಪಿ’ ಸ್ವರ್ಗಕ್ಕೆ ಸಂದಳು ಎಂದಷ್ಟೇ ಶಾಸನದ ಮಾತು. ಬೆಟ್ಟದ ತುದಿಯ ಹೆಸರಿಲ್ಲ, ಬಂಡೆಯಿಲ್ಲ, ಧುಮುಕಿದ್ದಿಲ್ಲ. ಇರುವುದು ‘ಮುಡಿಪಿ’ ಎಂಬ ಒಂದು ಪದ.

ಈ ಪದ ನಮಗೆ ಬೇರೆ ಅರ್ಥದಲ್ಲಿ ಗೊತ್ತು. ತಿರುಪತಿಗೆ ಮುಡಿಪು ಕಟ್ಟುತ್ತೇವೆ, ದೇಶಕ್ಕೆ ಬಾಳನ್ನು ಮುಡಿಪಾಗಿಟ್ಟರು ಎನ್ನುತ್ತೇವೆ. ಹಳಗನ್ನಡದಲ್ಲಿ ಮುಡಿಪು ಎಂದರೆ ಮುಗಿಸು, ಕೊನೆಗಾಣಿಸು. ಶ್ರವಣಬೆಳಗೊಳದ ಹಳೆಯ ನಿಸಿದಿ ಶಾಸನಗಳನ್ನು ತಿರುವಿ ಹಾಕಿದವರಿಗೆ ಇದು ಮತ್ತೆ ಮತ್ತೆ ಎದುರಾಗುವ ಪದ. ಸನ್ಯಸನವನ್ನು ಕೈಕೊಂಡು, ಆಹಾರವನ್ನು ಕ್ರಮವಾಗಿ ಬಿಟ್ಟು, ನೋಂತು ದೇಹ ತೊರೆದವರನ್ನು ಕುರಿತು ಅಲ್ಲಿ ‘ಮುಡಿಪಿದರ್’ ಎಂದಿರುತ್ತದೆ. ಕೈಗೊಂಡ ವ್ರತವನ್ನು ಕೊನೆ ಮುಟ್ಟಿಸಿದರು ಎಂಬ ಧ್ವನಿ. ಶಾಂತಲೆಯೂ ಹಾಗೆಯೇ ವ್ರತ ಹಿಡಿದು ಸತ್ತಳೆಂದು ಈ ಒಂದು ಪದದ ಬಲದಿಂದಲೇ ಸಾಧಿಸಹೊರಟರೆ ಅದು ಪಂಡಿತರ ಹಟವಾದೀತು. ಬಾಳು ಮುಗಿಸಿದಳು ಎಂಬ ಸಾಮಾನ್ಯ ಅರ್ಥವನ್ನೂ ಪದ ತಡೆದುಕೊಳ್ಳುತ್ತದೆ. ಬಂಡೆಯಿಂದ ಹಾರಿದಳು ಎಂಬ ಅರ್ಥವನ್ನು ಮಾತ್ರ ಅದರ ಬಾಯಿಂದ ಹೊರಡಿಸಲು ಸಾಧ್ಯವಿಲ್ಲ.

ಇದಕ್ಕಿಂತ ಬಲವಾದ ಮಾತೊಂದಿದೆ. ಜೈನ ಗೃಹಸ್ಥರ ಆಚಾರವನ್ನು ತಿಳಿಸುವ ಗ್ರಂಥಗಳಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕಕ್ಕೆ ಮೊದಲ ಮನ್ನಣೆ. ಪುಣ್ಯ ಬರುತ್ತದೆಂದು ನದಿ ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲುಗಳನ್ನು ಗುಡ್ಡೆ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಬೀಳುವುದು ಇವುಗಳನ್ನು ಅದು ಲೋಕಮೂಢತೆ ಎಂದು ಕರೆಯುತ್ತದೆ. ಸಮ್ಯಕ್ತ್ವವುಳ್ಳವನು, ಎಂದರೆ ಸರಿಯಾದ ನಂಬಿಕೆಯುಳ್ಳವನು, ಮೊದಲು ಬಿಡಬೇಕಾದ ಮೌಢ್ಯ ಇದು. ಶಾಂತಲೆಯ ಬಿರುದುಗಳಲ್ಲಿ ಒಂದು ‘ಸಮ್ಯಕ್ತ್ವ ಚೂಡಾಮಣಿ’. ಗಿರಿಪತನವನ್ನು ಮೌಢ್ಯವೆಂದು ಹೇಳಿಕೊಟ್ಟ ಗುರುಗಳ ಶಿಷ್ಯೆ, ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷ ಕಂಡವಳೆಂದು ಹೊಗಳಿಸಿಕೊಂಡ ಶ್ರಾವಕಿ, ಬೆಟ್ಟದಿಂದ ಹಾರಿದ್ದರೆ ಅವಳ ಹೆಸರನ್ನು ಬೆಳಗೊಳದ ಪುಣ್ಯಶಿಲೆಯಲ್ಲಿ ಅಷ್ಟು ಗೌರವದಿಂದ ಕೊರೆಯುತ್ತಿದ್ದರೆಂದು ನಂಬುವುದು ಕಷ್ಟ. ಅವಳ ಸುತ್ತಿನ ಹೆಂಗಸರ ಸಾವನ್ನೂ ನೋಡಬಹುದು. ರಾಜನ ಮಹಾದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ ಇಬ್ಬರೂ ೧೧೨೦ರ ಆಸುಪಾಸಿನಲ್ಲಿ ಸನ್ಯಸನ ವಿಧಿಯಿಂದ ಮುಡಿಪಿದವರು. ತಾಯಿಗಾಗಿ ಗಂಗರಾಜ ಕಟ್ಟಿಸಿದ ಕತ್ತಲೆ ಬಸದಿಯೂ ಲಕ್ಷ್ಮಿ ಕಟ್ಟಿಸಿದ ಎರಡುಕಟ್ಟೆ ಬಸದಿಯೂ ರಾಣಿಯ ಬಸದಿ ಇರುವ ಬೆಟ್ಟದ ಮೇಲೆಯೇ ಇವೆ. ಆ ಗಂಧವಾರಣ ಬಸದಿಯ ಮುಂದಿರುವ ಕಂಬವೂ ರಾಷ್ಟ್ರಕೂಟರ ಕೊನೆಯ ಇಂದ್ರರಾಜನು ೯೮೨ರಲ್ಲಿ ವ್ರತದಿಂದ ದೇಹ ಬಿಟ್ಟದ್ದನ್ನು ಹೇಳುವ ಕಂಬ. ಸಾವನ್ನು ಹೇಗೆ ಎದುರುಗೊಳ್ಳಬೇಕೆಂಬ ಪಾಠ ಅವಳ ಕಣ್ಣೆದುರಿಗೇ ಇತ್ತು.

ಹಾಗಾದರೆ ಜೈನರಾಣಿಗೆ ಶಿವನ ಬೆಟ್ಟದಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ತಂದೆ ಮಾರಸಿಂಗಯ್ಯ ಶಿವಭಕ್ತನೆಂಬುದನ್ನು ಅವರು ಮರೆತಿರುತ್ತಾರೆ. ತಂದೆ ಕೈಮುಗಿಯುವ ದೇವರ ಬೆಟ್ಟ ಮಗಳಿಗೆ ಪರಕೀಯವಾಗಬೇಕಿಲ್ಲ.

ಇನ್ನು ಸಂತಾನದ ಮಾತು. ಈ ಕತೆ ಹೇಗೆ ಹುಟ್ಟಿರಬಹುದೆಂಬುದಕ್ಕೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನ ದಾರಿ ತೋರಿಸುತ್ತದೆಂದು ನನ್ನ ಊಹೆ. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಆ ಬಸದಿಯನ್ನು ಕಟ್ಟಿಸಿದ, ಅದು ೧೧೩೩. ಪ್ರತಿಷ್ಠೆಯ ಶೇಷೆಯನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ರಾಜನಲ್ಲಿಗೆ ಹೋದರು. ರಾಜನು ಆಗತಾನೇ ಶತ್ರುವನ್ನು ಗೆದ್ದಿದ್ದ. ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ವೈಷ್ಣವನಾದ ರಾಜ ಎದ್ದು ನಿಂತು ಕೈಮುಗಿದು ಜಿನನ ಪ್ರಸಾದವನ್ನು ಸ್ವೀಕರಿಸಿ, ಈ ದೇವರ ಪ್ರತಿಷ್ಠೆಯ ಫಲವಾಗಿಯೇ ಜಯವೂ ಮಗನೂ ದೊರೆತರೆಂದು ಹೇಳಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಈ ನರಸಿಂಹನೇ ಮುಂದೆ ಪಟ್ಟವೇರಿದವನು.

ಪಟ್ಟದರಸಿ ಸತ್ತದ್ದು ೧೧೩೧ರಲ್ಲಿ, ಇನ್ನೊಬ್ಬ ರಾಣಿಯ ಹೊಟ್ಟೆಯಲ್ಲಿ ಮುಂದಿನ ರಾಜ ಹುಟ್ಟಿದ್ದು ೧೧೩೩ರಲ್ಲಿ. ಈ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿ ಬಂದು ನಿಂತಾಗ ಜನರ ಮನಸ್ಸು ನಡುವೆ ಒಂದು ದಾರ ಪೋಣಿಸದೆ ಬಿಟ್ಟೀತೆ? ಒಂದರ ಫಲವೇ ಇನ್ನೊಂದು ಎಂದಾಯಿತು. ಬೆಟ್ಟವಂತೂ ಮೊದಲೇ ಇತ್ತು, ಕಡಿದಾದ ಬಂಡೆಯೂ ಇತ್ತು. ಜನಪದದ ಮನಸ್ಸು ಕೆಟ್ಟದ್ದನ್ನೇನೂ ಮಾಡಲಿಲ್ಲ. ಅವಳನ್ನು ತ್ಯಾಗದ ಮೂರ್ತಿಯಾಗಿಸಿ ಪೂಜಿಸಿತು. ಆದರೆ ಹೀಗೆ ಪೂಜಿಸುವಾಗ ಸೊಕ್ಕಿದ ಸವತಿಗೆ ಮದ್ದಾನೆಯೆಂದು ಕಲ್ಲಿನಲ್ಲಿ ಬರೆಸಿಕೊಂಡ ಹೆಣ್ಣನ್ನು ಸವತಿಯ ಮಗನಿಗಾಗಿ ಬಂಡೆಯಿಂದ ಹಾರಿಸಿದೆವು. ರಾಣಿಯ ಬೆಲೆಯೆಲ್ಲ ಅವಳು ಹೆರುವ ಮಗನಲ್ಲಿದೆ, ಹೆರದಿದ್ದರೆ ಅವಳು ದಾರಿ ಬಿಡಬೇಕು ಎಂಬ ಎಣಿಕೆ ಅವಳದೋ ನಮ್ಮದೋ? ಅವಳ ಶಾಸನಗಳನ್ನು ಅಕ್ಷರ ಅಕ್ಷರವಾಗಿ ಓದಿದರೂ ಅಂಥ ಕೊರಗಿನ ಸುಳಿವು ನನಗೆ ಸಿಕ್ಕಿಲ್ಲ. ವಿವೇಕದಲ್ಲಿ ಬೃಹಸ್ಪತಿಯೆನಿಸಿಕೊಂಡ ಹೆಂಗಸು ಅದು.

ಕತೆ ನಮ್ಮಿಂದ ಕಸಿದುಕೊಂಡದ್ದು ಮತ್ತೊಂದಿದೆ. ನನ್ನ ಮಟ್ಟಿಗೆ ಅದೇ ದೊಡ್ಡ ನಷ್ಟ. ರಾಣಿಯ ಮರಣವನ್ನು ಹೇಳುವ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಅದು ಮಗಳ ಶಾಸನಕ್ಕಿಂತ ಹೆಚ್ಚಾಗಿ ತಾಯಿಯ ಶಾಸನ. ಸುದ್ದಿ ಬಂದಾಗ ಮಾಚಿಕಬ್ಬೆ, ಮಗಳು ದೇವಗತಿಗೆ ಸಂದ ಮೇಲೆ ತಾನು ಹಿಂದುಳಿಯಲಾರೆನೆಂದಳು. ಎಷ್ಟು ವಯಸ್ಸಾಗಿತ್ತೋ, ಪಟ್ಟದ ರಾಣಿಯ ತಾಯಿ, ಮುದುಕಿಯೇ ಇರಬೇಕು. ಅವಳು ಬೆಳಗೊಳಕ್ಕೆ ಬಂದಳು. ಅಳುತ್ತ ಎದೆ ಬಡಿದುಕೊಂಡದ್ದನ್ನು ಶಾಸನ ಹೇಳುವುದಿಲ್ಲ. ಪ್ರಭಾಚಂದ್ರರು, ವರ್ಧಮಾನದೇವರು, ರವಿಚಂದ್ರದೇವರು ಈ ಗುರುಗಳ ಸಮ್ಮುಖದಲ್ಲಿ ಸನ್ಯಸನವನ್ನು ಕೈಕೊಂಡಳು. ಬಂಧುಗಳನ್ನು ಒಬ್ಬೊಬ್ಬರಾಗಿ ಬೀಳ್ಕೊಟ್ಟಳು. ಅರೆಮುಚ್ಚಿದ ಕಣ್ಣು, ತುಟಿಯ ಮೇಲೆ ಪಂಚಪದಗಳು, ಮನಸ್ಸಿನಲ್ಲಿ ಜಿನೇಂದ್ರ. ಹೀಗೆ ಒಂದು ತಿಂಗಳು ಉಪವಾಸವಿದ್ದು ಭವ್ಯಜನರೆಲ್ಲ ನೋಡುತ್ತಿರಲು ದೇಹ ಬಿಟ್ಟಳು.

ಒಂದು ತಿಂಗಳು. ಮಗಳು ಕಟ್ಟಿಸಿದ ಬಸದಿ ಆ ಬೆಟ್ಟದ ಮೇಲೆಯೇ ಇತ್ತು. ಎದ್ದು ಎಂಟು ವರ್ಷವಾಗಿತ್ತು, ಕಲ್ಲಿನ ಹೊಸತನ ಇನ್ನೂ ಮಾಸಿರಲಾರದು. ಒಳಗೆ ಶಾಂತಿನಾಥನಿಗೆ ಮೊಟ್ಟೆನವಿಲೆಯ ಹುಟ್ಟುವಳಿಯಿಂದ ಪೂಜೆ ನಡೆಯುತ್ತಿತ್ತು.

ಶಾಸನದಲ್ಲಿ ತಾಯಿಯ ವಂಶಾವಳಿ ಕ್ರಮವಾಗಿ ಬರುತ್ತದೆ: ನಾಗವರ್ಮ ದಂಡನಾಯಕ, ಅವನ ಹೆಂಡತಿ ಚಂದಿಕಬ್ಬೆ, ಅವರ ಮಗ ಬಲದೇವ, ಅವನ ಹೆಂಡತಿ ಬಾಚಿಕಬ್ಬೆ, ಅವರ ಮಗಳು ಮಾಚಿಕಬ್ಬೆ, ಅವಳ ತಮ್ಮ ಸಿಂಗಿಮಯ್ಯ. ಮಗಳ ಮನೆತನ ರಾಜವಂಶವಾಗಿದ್ದರೂ ಬರೆಸಿದವರು ತೌರಿನ ಕಡೆಯಿಂದಲೇ ಎಣಿಸಿದ್ದಾರೆ, ಪ್ರತಿ ತಲೆಮಾರಿನಲ್ಲೂ ಹೆಂಗಸಿನ ಹೆಸರನ್ನು ಬಿಡದೆ. ಬರೆದವನು ಬೋಕಿಮಯ್ಯನೆಂಬ ಲೇಖಕ, ಚಾರುಕೀರ್ತಿದೇವರ ಗುಡ್ಡ. ಗುಡ್ಡನೆಂದರೆ ಆ ಕಾಲದ ಮಾತಿನಲ್ಲಿ ಗೃಹಸ್ಥಶಿಷ್ಯ.

ಈಚೆಗೆ ಶಿವಗಂಗೆಗೆ ಹೋದಾಗ ಹುಡುಗಿಯೊಬ್ಬಳು ಆ ಹಳೆಯ ಪ್ರಶ್ನೆಯನ್ನೇ ಕೇಳಿದಳು. ರಾಣಿ ಇಲ್ಲಿ ತೀರಿಕೊಂಡದ್ದು ನಿಜ, ಹಾರಿದಳೆಂದು ಅವಳ ಕಾಲದವರು ಯಾರೂ ಬರೆದಿಲ್ಲ ಎಂದೆ. ಹುಡುಗಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆಮೇಲೆ ಇಳಿಯುತ್ತ ಮಾಚಿಕಬ್ಬೆಯ ವಿಷಯ ಹೇಳಿದೆ. ಒಳಕಲ್ಲು ತೀರ್ಥದವರೆಗೆ ಏನೂ ಮಾತಾಡದೆ ಬಂದವಳು, “ಅವಳಮ್ಮನಿಗೆ ಸುದ್ದಿ ಹೇಳಿದವರು ಯಾರು ಮೇಷ್ಟ್ರೇ?” ಎಂದು ಕೇಳಿದಳು.